ಗೇರ್ ಬಾಕ್ಸ್ ಎರಡು ತಿಂಗಳು ಮೊದಲೇ ಹೇಳಿತ್ತು, ನಾನು ರೇಡಿಯೊ ಜೋರು ಮಾಡಿದೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸ ಕಾರು ಬಂದರೆ ಅದರ ಸನ್‌ರೂಫ್ ಎಷ್ಟು ದೊಡ್ಡದು, ಮುಂದಿನ ಪರದೆ ಎಷ್ಟು ಇಂಚು, ಬಣ್ಣ ಎಷ್ಟಿದೆ, ಎಲ್ಲ ಬರುತ್ತೆ. ಆದರೆ ನನ್ನಂಥ ಓದುಗರ ಮನೆ ಮುಂದೆ ನಿಂತಿರುವುದು ಏಳೆಂಟು ವರ್ಷದ ಹಳೇ ಗಾಡಿ. ಅದು ಕೈಕೊಡುವ ಮುಂಚೆ ಏನೇನು ಸೂಚನೆ ಕೊಡುತ್ತೆ ಅಂತ ಒಂದು ಸಾಲೂ ಕಂಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ. ಕತ್ತರಿಸಲೇಬೇಕು ಅಂದರೆ ನನ್ನ ಗೋಳನ್ನು ಕತ್ತರಿಸಿ, ಗೇರ್ ಬಾಕ್ಸ್ ವಿಷಯ ಉಳಿಸಿ.

ನಾವು ಶಿವಮೊಗ್ಗದವರು. ಅಮ್ಮನನ್ನು ಡಾಕ್ಟರಿಗೆ ತೋರಿಸಲು ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕು. ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ, ಇದೇ ದಾರಿ. ಹೋಗುವಾಗ ಘಾಟಿ ಇಳಿಯೋದು, ಬರುವಾಗ ಹತ್ತೋದು. ಕಳೆದ ನವೆಂಬರಿನಲ್ಲಿ ಹಾಗೆ ವಾಪಸ್ ಬರುತ್ತಿದ್ದೆವು. ಆಗುಂಬೆ ಘಾಟಿಗೆ 14 ಹೇರ್‌ಪಿನ್ ತಿರುವು. ಅರ್ಧಕ್ಕಿಂತ ಜಾಸ್ತಿ ಹತ್ತಿದ್ದೆವು. ಒಂದು ತಿರುವಿನಲ್ಲಿ ಮೇಲಿಂದ ಮಿನಿ ಬಸ್ ಬಂತು. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅಂತ ನಿಯಮ ಇದೆ, ಅದನ್ನು ಬಸ್ಸಿಗೆ ಹೇಳುವವರು ಯಾರು? ನಿಲ್ಲಿಸಿದೆ. ಬಸ್ ಹೋಯಿತು. ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಗೊರ್ ಅಂತ ಕೂಗುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ. ಬಾನೆಟ್ ಸಂದಿಯಿಂದ ತೆಳ್ಳಗೆ ಹೊಗೆ ಬಂತು. ಗಾಡಿ ಹಿಂದಕ್ಕೆ ಜಾರತೊಡಗಿತು.

ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದೆ. ನನ್ನ ಹೆಂಡತಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ತಡೆಗೋಡೆ ಮೇಲೆ ನಾಲ್ಕು ಮಂಗಗಳು ಕೂತು ನಮ್ಮನ್ನೇ ನೋಡುತ್ತಿದ್ದವು. ಹಿಂದೆ ಸಾಲು ಬೆಳೆಯಿತು. ಕೆಳಗಿನಿಂದ ಬಂದ ಒಂದು ಕುಟುಂಬ ಅಮ್ಮನನ್ನು ಅವರ ಗಾಡಿಯಲ್ಲಿ ಕೂರಿಸಿಕೊಂಡು ಮೇಲೆ ಬಿಟ್ಟಿತು. ಹೆಸರೂ ಕೇಳಲಿಲ್ಲ, ಅವರು ಇದನ್ನು ಓದಿದರೆ ಗೊತ್ತಾಗಲಿ, ಅಮ್ಮ ಇನ್ನೂ ನೆನೆಸಿಕೊಳ್ಳುತ್ತಾಳೆ. ನಾನು ಮುಕ್ಕಾಲು ಗಂಟೆ ಎಂಜಿನ್ ಆಫ್ ಮಾಡಿ ಕೂತೆ. ಕ್ಲಚ್ ತಣ್ಣಗಾದ ಮೇಲೆ ಒಬ್ಬನೇ, ಡಿಕ್ಕಿಯ ಸಾಮಾನೂ ಬೇರೆ ಗಾಡಿಗೆ ಹಾಕಿ, ಫಸ್ಟ್ ಗೇರಿನಲ್ಲೇ ಹೇಗೋ ಮೇಲೆ ಬಂದೆ.

ಈಗ ನಿಜ ಹೇಳಿಬಿಡುತ್ತೇನೆ. ಇದು ಅವತ್ತು ಕೆಟ್ಟಿದ್ದಲ್ಲ. ಸೆಪ್ಟೆಂಬರಿನಿಂದಲೇ ಗಾಡಿ ಹೇಳುತ್ತಿತ್ತು.

ಮೊದಲನೆಯದು ಮಂಡಗದ್ದೆ ಹತ್ತಿರ. ಲಾರಿ ಹಿಂದಿಕ್ಕಲು ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಆರ್‌ಪಿಎಂ ಮುಳ್ಳು, ಅಂದರೆ ಎಂಜಿನ್ ತಿರುಗುವ ವೇಗ ತೋರಿಸೋದು, ಎರಡು ಸಾವಿರದಿಂದ ಮೂರೂವರೆ ಸಾವಿರಕ್ಕೆ ಸರ್ರನೆ ಎದ್ದಿತು, ಸ್ಪೀಡಿನ ಮುಳ್ಳು 60ರಲ್ಲೇ ಕೂತಿತ್ತು. ಒಂದು ಕ್ಷಣ ಅಷ್ಟೆ, ಆಮೇಲೆ ಸರಿಹೋಯಿತು. ಪೆಟ್ರೋಲ್ ಸರಿ ಇಲ್ಲ ಅಂದುಕೊಂಡೆ. ಪಾಪ, ಬಂಕಿನವನಿಗೆ ಬೈದದ್ದೂ ಆಯಿತು. ಎರಡನೆಯದು ವಾಸನೆ. ಒಂದು ಸಂಜೆ ಸಿಗ್ನಲ್ ದಾಟಿ ಏರು ರಸ್ತೆ ಹತ್ತುವಾಗ ನನ್ನ ಹೆಂಡತಿ, "ಏನ್ರೀ ಅದು, ಸುಟ್ಟ ವಾಸನೆ?" ಅಂದಳು. ಹೊರಗೆ ಯಾರೋ ಪ್ಲಾಸ್ಟಿಕ್ ಸುಡ್ತಿದ್ದಾರೆ ಅಂದೆ. ಕಿಟಕಿ ಏರಿಸಿದೆ. ಕಿಟಕಿ ಏರಿಸಿದ ಮೇಲೂ ವಾಸನೆ ಇತ್ತು ಅನ್ನೋದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಮೂರನೆಯದು ಕಾಲಿಗೆ ಗೊತ್ತಾಗುವಂಥದ್ದು. ಮುಂಚೆ ಕ್ಲಚ್ ಅರ್ಧ ಬಿಟ್ಟರೆ ಗಾಡಿ ಎಳೆಯೋದು. ಈಗ ಪೆಡಲ್ ಪೂರ್ತಿ ಮೇಲೆ ಬರುವ ತನಕ ಏನೂ ಆಗುತ್ತಿರಲಿಲ್ಲ. ಇದು ದಿನಕ್ಕೆ ಕೂದಲೆಳೆಯಷ್ಟು ಬದಲಾಗುತ್ತೆ, ಹಾಗಾಗಿ ದಿನಾ ಓಡಿಸುವವನ ಕಾಲು ತಾನೇ ಹೊಂದಿಕೊಂಡುಬಿಡುತ್ತೆ. ಒಮ್ಮೆ ಭಾವ ಗಾಡಿ ತೆಗೆದುಕೊಂಡು ಹೋಗಿ ಬಂದು, "ನಿನ್ ಕ್ಲಚ್ ಇಷ್ಟು ಮೇಲೆ ಹಿಡಿಯುತ್ತಲ್ಲ ಮಾರಾಯ" ಅಂದರು. ನನಗೆ ಸಿಟ್ಟು ಬಂತು. ನನ್ನ ಗಾಡಿ ಬಗ್ಗೆ ಇವರದೇನು ಅಂತ.

ಇವೆಲ್ಲದರ ಜೊತೆ ಒಂದು ಗೊರಗೊರ ಸದ್ದೂ ಇತ್ತು. ಅದಕ್ಕೆ ರೇಡಿಯೊ ಜೋರು ಮಾಡಿದೆ.

ತೀರ್ಥಹಳ್ಳಿಯ ಗ್ಯಾರೇಜಿನಲ್ಲಿ ಮೇಸ್ತ್ರಿ ಗಾಡಿ ನೋಡಿದ ರೀತಿ ಹೇಳಬೇಕು. ಬಾನೆಟ್ ಎತ್ತಲೇ ಇಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನಿಧಾನಕ್ಕೆ ಕ್ಲಚ್ ಬಿಟ್ಟರು. ಸರಿಯಾಗಿರುವ ಗಾಡಿ ಆದರೆ ಎಂಜಿನ್ ಡಕ್ ಅಂತ ಆಫ್ ಆಗಬೇಕು. ನನ್ನದು ಆರಾಮಾಗಿ ಓಡುತ್ತಲೇ ಇತ್ತು. "ನೋಡಿ ಸಾರ್, ಪ್ಲೇಟ್ ಹಿಡೀತಾನೇ ಇಲ್ಲ" ಅಂದರು. ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು, ಮುಂದೆ ಗೋಡೆಯೋ ಜನವೋ ಇರಬಾರದು ಅಷ್ಟೆ. ಮಜಾ ಅಂತ ಮೂರು ನಾಲ್ಕು ಸಲ ಮಾಡಬೇಡಿ, ಇರುವ ಪ್ಲೇಟೂ ಸುಟ್ಟುಹೋಗುತ್ತೆ.

ಮಾರನೇ ದಿನ ಗೇರ್ ಬಾಕ್ಸ್ ಇಳಿಸಿ ಒಳಗಿನದನ್ನು ನನ್ನ ಕೈಗೆ ಕೊಟ್ಟರು. ಕ್ಲಚ್ ಪ್ಲೇಟಿನ ಎರಡೂ ಕಡೆ ಇರಬೇಕಾದ ಪದರ ಸವೆದು ರಿವೆಟ್ ತಲೆ ಮೇಲೆ ಕಾಣುತ್ತಿದ್ದವು. ಆ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಕಾದು ಕಾದು ನೀಲಿ ಬಣ್ಣಕ್ಕೆ ತಿರುಗಿತ್ತು. ರಿವೆಟ್ ಉಜ್ಜಿ ಎಂಜಿನ್ ಕಡೆಯ ಭಾರದ ಚಕ್ರ ಫ್ಲೈವೀಲಿನಲ್ಲೂ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ. ಸೆಪ್ಟೆಂಬರಿನಲ್ಲೇ ಬಂದಿದ್ದರೆ ಕ್ಲಚ್ ಸೆಟ್ ಒಂದೇ, 9,000 ರೂಪಾಯಿ ಒಳಗೆ ಮುಗಿಯುತ್ತಿತ್ತು. ಫ್ಲೈವೀಲ್, ಬೇರಿಂಗ್, ಆಯಿಲ್ ಸೀಲ್ ಎಲ್ಲ ಸೇರಿ 17,500 ಕೊಟ್ಟೆ. ಎರಡು ದಿನದ ರಜೆ ಬೇರೆ.

ಇಲ್ಲಿ ಒಂದು ಮಾತು. ಏನೇ ಆದರೂ ನಾವು "ಗೇರ್ ಬಾಕ್ಸ್ ಹೋಯ್ತು" ಅಂದುಬಿಡುತ್ತೇವೆ. ನನ್ನದು ಹೋಗಿದ್ದು ಕ್ಲಚ್. ಎರಡೂ ಬೇರೆ. ಗೇರ್ ಬಾಕ್ಸಿನಲ್ಲಿ ಗೇರುಗಳಿರುತ್ತವೆ, ಎಂಜಿನ್ನನ್ನು ಅದಕ್ಕೆ ಜೋಡಿಸೋದು, ಬಿಡಿಸೋದು ಕ್ಲಚ್. ಇದರ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಬಿಲ್ಲಿನಲ್ಲಿ ಗೊತ್ತಾಗುತ್ತೆ. ಎಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ ಅಂದರೆ ಹೆಚ್ಚಿನಂಶ ಕ್ಲಚ್. ಗೇರ್ ಬೀಳುತ್ತಿಲ್ಲ, ಕರ್ರ್ ಅನ್ನುತ್ತೆ ಅಂದರೆ ಸ್ವಲ್ಪ ತಲೆ ಓಡಿಸಬೇಕು. ಎಂಜಿನ್ ಆಫ್ ಮಾಡಿ ಎಲ್ಲ ಗೇರನ್ನೂ ಹಾಕಿ ನೋಡಿ. ಆಫ್ ಇದ್ದಾಗ ಬೆಣ್ಣೆ ಹಾಗೆ ಬಿದ್ದು, ಸ್ಟಾರ್ಟ್ ಮಾಡಿದ ಮೇಲೆ ಯಾವ ಗೇರೂ ಸಲೀಸಾಗಿ ಬೀಳದಿದ್ದರೆ, ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ ಅಂತ. ಕೇಬಲ್ ಇರುವ ಗಾಡಿಯಾದರೆ ಟೈಟ್ ಮಾಡಿದರೆ ಸಾಕಾಗಬಹುದು. ಹೈಡ್ರಾಲಿಕ್ ಆದರೆ ಆಯಿಲ್ ಎಲ್ಲೋ ಸೋರುತ್ತಿರಬಹುದು. ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿಂದ ಆಯಿಲ್ ಹೋಗುತ್ತೆ, ಹಾಗಾಗಿ ಅದು ಕಡಿಮೆಯಾಗಿದ್ದರೆ ಸುಮ್ನೆ ತುಂಬಿಸಿ ಓಡಿಸಬೇಡಿ, ಎಲ್ಲಿ ಹೋಯಿತು ಅಂತ ನೋಡಿಸಿ. ಇನ್ನೊಂದು, ನಗಬೇಡಿ. ನನ್ನ ಸಹೋದ್ಯೋಗಿಯೊಬ್ಬರ ಗಾಡಿಯಲ್ಲಿ ಗೇರ್ ಬೀಳದೆ ಇದ್ದದ್ದಕ್ಕೆ ಕಾರಣ ಹೊಸದಾಗಿ ಹಾಕಿಸಿದ ದಪ್ಪ ಮ್ಯಾಟ್. ಪೆಡಲ್ ಅಡಿಗೆ ಮಡಚಿಕೊಂಡು ಕ್ಲಚ್ ಪೂರ್ತಿ ಕೆಳಗೆ ಹೋಗುತ್ತಿರಲಿಲ್ಲ.

ಒಂದೇ ಗೇರ್ ಮಾತ್ರ ಕರ್ರ್ ಅನ್ನುತ್ತೆ, ಉದಾಹರಣೆಗೆ ಮೂರರಿಂದ ಎರಡಕ್ಕೆ ಇಳಿಸುವಾಗ, ಅಂದರೆ ಅದು ಗೇರ್ ಬಾಕ್ಸ್ ಒಳಗಿನ ಮಾತು. ಎರಡು ಹಲ್ಲಿನ ಚಕ್ರಗಳ ವೇಗ ಒಂದೇ ಆಗುವಂತೆ ಮಾಡುವ ಹಿತ್ತಾಳೆ ಬಳೆಯಂಥ ಒಂದು ಭಾಗ ಇದೆ, ಸಿಂಕ್ರೊ ಅನ್ನುತ್ತಾರೆ, ಅದು ಸವೆದಿರುತ್ತೆ. ರಿವರ್ಸ್ ಮಾತ್ರ ಕರ್ರ್ ಅಂದರೆ ಗಾಬರಿ ಬೇಡ. ಬಹಳಷ್ಟು ಸಣ್ಣ ಕಾರುಗಳಲ್ಲಿ ರಿವರ್ಸಿಗೆ ಆ ಬಳೆಯೇ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಕ್ಲಚ್ ಒತ್ತಿ ಮೂರು ಎಣಿಸಿ ಹಾಕಿ, ಸದ್ದಿಲ್ಲದೆ ಬೀಳುತ್ತೆ.

ಸದ್ದಿಗೂ ಒಂದು ಲೆಕ್ಕ ಇದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಗೊರಗೊರ ಕೇಳಿ, ಕ್ಲಚ್ ಒತ್ತಿದ ತಕ್ಷಣ ನಿಂತರೆ ಗೇರ್ ಬಾಕ್ಸಿನ ಬೇರಿಂಗ್. ಒತ್ತಿದಾಗ ಮಾತ್ರ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಟಕ್ ಅಂದರೆ ಗೇರ್ ಬಾಕ್ಸಿಗೂ ಅದಕ್ಕೂ ಸಂಬಂಧ ಇಲ್ಲ, ಅದು ಚಕ್ರ ತಿರುಗಿಸುವ ಆಕ್ಸೆಲ್ಲಿನ ಜಾಯಿಂಟ್. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಧಡ್ ಅಂತ ಹೊಡೆತ ಬಂದರೆ ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿರಬಹುದು. ಈ ರಬ್ಬರ್ ಹರಿದದ್ದಕ್ಕೆ ಗೇರ್ ಬಾಕ್ಸೇ ಬಿಚ್ಚಿಸಿಕೊಂಡವರನ್ನು ನಾನು ಕಂಡಿದ್ದೇನೆ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ಸೂಚನೆ ಬೇರೆ. ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಗೇರ್ ತಾನಾಗಿಯೇ ಎಗರಿ ನ್ಯೂಟ್ರಲ್‌ಗೆ ಬರೋದು. ಪೇಟೆಯಲ್ಲಿ ಆದರೆ ಕಿರಿಕಿರಿ, ಘಾಟಿ ಇಳಿಯುವಾಗ ಆದರೆ ಎಂಜಿನ್ ಹಿಡಿತ ಪೂರ್ತಿ ತಪ್ಪುತ್ತೆ, ಭಾರ ಎಲ್ಲ ಬ್ರೇಕಿನ ಮೇಲೆ ಬೀಳುತ್ತೆ, ಬ್ರೇಕ್ ಬಿಸಿಯಾಗುತ್ತೆ. ಕೆಲವರು ಗೇರ್ ಕಡ್ಡಿಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ವರ್ಷಗಟ್ಟಲೆ ಓಡಿಸುತ್ತಾರೆ. ಇಂಥ ಗಾಡಿಯನ್ನು ಆಗುಂಬೆಗೋ ಚಾರ್ಮಾಡಿಗೋ ದಯವಿಟ್ಟು ತರಬೇಡಿ. ಅಂದಹಾಗೆ, ಗೇರ್ ಕಡ್ಡಿ ಮೇಲೆ ಸದಾ ಕೈ ಇಟ್ಟುಕೊಂಡು ಓಡಿಸೋದೂ ಒಳ್ಳೇದಲ್ಲ. ಒಳಗೆ ಗೇರ್ ಸರಿಸುವ ಫೋರ್ಕ್ ಅದರಿಂದಲೂ ಸವೆಯುತ್ತೆ.

ಆಟೊಮ್ಯಾಟಿಕ್ ಇರುವವರು ಇದು ನಮಗಲ್ಲ ಅಂತ ಪುಟ ತಿರುಗಿಸಬೇಡಿ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಗಾಡಿ ಟಾರ್ಕ್ ಕನ್ವರ್ಟರ್ ಇರೋ ಆಟೊಮ್ಯಾಟಿಕ್, ಅಂದರೆ ಕ್ಲಚ್ ಪ್ಲೇಟಿನ ಬದಲು ಆಯಿಲ್ ಮೂಲಕ ಎಂಜಿನ್ ಶಕ್ತಿ ದಾಟಿಸೋದು. ಬೆಳಿಗ್ಗೆ ಗೇರ್ ಕಡ್ಡಿಯನ್ನು "ಡಿ" (ಡ್ರೈವ್) ಗೆ ಹಾಕಿದರೆ ಒಂದು, ಎರಡು, ಮೂರು ಎಣಿಸಿದ ಮೇಲೆ ಗಾಡಿ ಎಚ್ಚರಾಗೋದು. ಚಳಿಗೆ ಹಾಗಾಗುತ್ತೆ ಅನ್ನುತ್ತಿದ್ದ. ಬೆಂಗಳೂರಿನ ಚಳಿಗೆ! ಬಿಚ್ಚಿ ನೋಡಿದರೆ ಆಯಿಲ್ ಕೆಟ್ಟಿತ್ತು. ಈ ಆಯಿಲ್ ಹೊಸದರಲ್ಲಿ ಸಾಮಾನ್ಯವಾಗಿ ಕುಂಕುಮದ ನೀರಿನ ಹಾಗೆ ಕೆಂಪಗಿರುತ್ತೆ. ತಮ್ಮನದು ಕಾಫಿ ಡಿಕಾಕ್ಷನ್ ಆಗಿತ್ತು, ಮೂಸಿದರೆ ಸುಟ್ಟ ವಾಸನೆ. ರೋಸ್ ಮಿಲ್ಕ್ ಹಾಗೆ ಕಂಡರೆ ಇನ್ನೂ ಕೆಟ್ಟದು, ನೀರೋ ರೇಡಿಯೇಟರ್ ಕೂಲೆಂಟೋ ಒಳಗೆ ಸೇರಿದೆ ಅಂತ ಅರ್ಥ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ಗಾಡಿಗಳು ಮುಳುಗಿದ್ದು ನೆನಪಿದೆಯಲ್ಲ. ಹಾಗೆ ನೀರಲ್ಲಿ ನಿಂತ ಗಾಡಿಯಲ್ಲಿ ಎಂಜಿನ್ ಆಯಿಲ್ ಬದಲಿಸಿ ಸುಮ್ಮನಾಗುತ್ತಾರೆ. ಗೇರ್ ಬಾಕ್ಸಿಗೂ ಉಸಿರಾಡುವ ಸಣ್ಣ ಕೊಳವೆ ಇರುತ್ತೆ, ನೀರು ಅಲ್ಲಿಂದಲೂ ಒಳಗೆ ಹೋಗಬಹುದು ಅನ್ನೋದು ಯಾರ ತಲೆಗೂ ಬರಲ್ಲ.

ಎಎಂಟಿ ಅನ್ನೋ ಆಟೊಮ್ಯಾಟಿಕ್ ಬೇರೆ ಜಾತಿ. ನಮ್ಮ ದೇಶದಲ್ಲಿ ಇದನ್ನು ಮನೆಮಾತು ಮಾಡಿದ್ದು 2014ರಲ್ಲಿ ಬಂದ ಮಾರುತಿ ಸೆಲೆರಿಯೊ. ಅದರ ಒಳಗಿರೋದು ಮಾಮೂಲಿ ಗೇರ್ ಬಾಕ್ಸೇ, ಮಾಮೂಲಿ ಕ್ಲಚ್ ಪ್ಲೇಟೇ. ನಮ್ಮ ಎಡಗಾಲು ಎಡಗೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತೆ ಅಷ್ಟೆ. ಹಾಗಾಗಿ ಗೇರ್ ಬದಲಾಗುವಾಗ ಸ್ವಲ್ಪ ತೂಗಿದ ಹಾಗಾದರೆ ಅದು ಅದರ ಸ್ವಭಾವ. ಆದರೆ ಆ ತೂಗಾಟ ಹೋದ ತಿಂಗಳಿಗಿಂತ ಈ ತಿಂಗಳು ಜಾಸ್ತಿಯಾಗಿದ್ದರೆ, ಅಥವಾ ಗಾಡಿ ಓಡುತ್ತಿರುವಾಗಲೇ ನ್ಯೂಟ್ರಲ್‌ಗೆ ಬಿದ್ದರೆ, ತೋರಿಸಿ. ಫ್ಲೈಓವರ್ ಏರಿನಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಮೇಲೇ ಗಾಡಿ ಹಿಡಿದು ನಿಲ್ಲಿಸುವವರನ್ನು ದಿನಾ ನೋಡುತ್ತೇವೆ. ಅದು ಹಾಫ್ ಕ್ಲಚ್ಚೇ ಸ್ವಾಮಿ, ಅರ್ಧ ಒತ್ತಿದ ಕ್ಲಚ್, ನಿಮ್ಮ ಕಾಲಿನ ಬದಲು ಯಂತ್ರ ಒತ್ತುತ್ತಿದೆ. ಸಿವಿಟಿ ಅನ್ನೋ ಇನ್ನೊಂದು ಬಗೆಯ ಆಟೊಮ್ಯಾಟಿಕ್ಕಿನಲ್ಲಿ ಹಲ್ಲಿನ ಗೇರುಗಳ ಬದಲು ಎರಡು ರಾಟೆ, ನಡುವೆ ಒಂದು ಉಕ್ಕಿನ ಬೆಲ್ಟು. ಅದಕ್ಕೆ ಅದರದೇ ಆಯಿಲ್ ಬೇಕು. ಎಲ್ಲ ಆಟೊಮ್ಯಾಟಿಕ್ಕಿಗೂ ಒಂದೇ ಅಂತ ಯಾವುದೋ ಕೆಂಪು ಆಯಿಲ್ ಸುರಿಸಿದರೆ ದೊಡ್ಡ ಖರ್ಚು ಗ್ಯಾರಂಟಿ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ನಾನು ಸರ್ವೀಸ್ ತಪ್ಪಿಸುವ ಮನುಷ್ಯ ಅಲ್ಲ. ಘಾಟಿಯಲ್ಲಿ ನಿಂತದ್ದು ನವೆಂಬರಿನಲ್ಲಿ, ಸರ್ವೀಸ್ ಆಗಿದ್ದು ಅಕ್ಟೋಬರಿನಲ್ಲಿ. ಆ ಸರ್ವೀಸ್ ಸೆಂಟರಿನವರಿಗೆ ಬಾಯಿಬಿಟ್ಟು ಹೇಳಿದ್ದೆ, ಕ್ಲಚ್ ಯಾಕೋ ಸರಿ ಇಲ್ಲ ನೋಡಿ ಅಂತ. "ಟ್ರಯಲ್ ನೋಡಿದ್ವಿ ಸಾರ್, ಏನೂ ಪ್ರಾಬ್ಲಂ ಇಲ್ಲ" ಅಂದರು. ಟ್ರಯಲ್ ಅಂದರೆ ಶೋರೂಂ ಹಿಂದಿನ ಸಮತಟ್ಟು ರಸ್ತೆಯಲ್ಲಿ ಒಬ್ಬನೇ ಕೂತು ಒಂದು ಸುತ್ತು. ಸವೆದ ಪ್ಲೇಟ್ ಹಾಗೆಲ್ಲ ಸಿಕ್ಕಿಬೀಳಲ್ಲ. ಭಾರ ಇರಬೇಕು, ಏರು ಇರಬೇಕು, ಮೇಲಿನ ಗೇರಿನಲ್ಲಿ ಒತ್ತಿ ನೋಡಬೇಕು. ಮನೆಗೆ ಬಂದು ಹಳೇ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ. ಏಳು ವರ್ಷ, 84,000 ಕಿಲೋಮೀಟರ್. ಎಸಿ ಕ್ಲೀನಿಂಗ್ ಮೂರು ಸಲ, ಫೋಮ್ ವಾಶ್ ನಾಲ್ಕು ಸಲ, ಡ್ಯಾಶ್‌ಬೋರ್ಡ್ ಪಾಲಿಶ್ ಲೆಕ್ಕವಿಲ್ಲ. ಗೇರ್ ಆಯಿಲ್ ಎಲ್ಲೂ ಇಲ್ಲ. ಒಮ್ಮೆಯೂ ಇಲ್ಲ! ಹೋಗಿ ಕೇಳಿದರೆ, "ಅದು ಲೈಫ್‌ಟೈಮ್ ಸಾರ್" ಅಂದರು. ಯಾರ ಲೈಫ್‌ಟೈಮ್ ಅಂತ ಕೇಳಬೇಕಿತ್ತು. ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿದರೆ ಇಷ್ಟು ಕಿಲೋಮೀಟರಿಗೆ ಬದಲಿಸಿ ಅಂತ ಅಚ್ಚು ಹಾಕಿದೆ. ಪ್ಲಾಸ್ಟಿಕ್ ಕವರ್ ಕೂಡ ಹರಿಯದ ಪುಸ್ತಕ, ತಪ್ಪು ನನ್ನದೂ ಹೌದು.

ಸಣ್ಣ ಕಾರಿಗೆ ಗೇರ್ ಆಯಿಲ್ ಹಿಡಿಯೋದು ಎರಡು ಲೀಟರ್ ಆಸುಪಾಸು. ಬದಲಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಕೆಳಗಿನ ಬೋಲ್ಟಿಗೆ ಎಷ್ಟೋ ಗಾಡಿಗಳಲ್ಲಿ ಆಯಸ್ಕಾಂತ ಇರುತ್ತೆ. ಅದಕ್ಕೆ ಕಾಡಿಗೆ ಹಾಗೆ ನುಣ್ಣನೆ ಬೂದು ಪುಡಿ ಅಂಟಿದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಒಳಗೆ ಏನೋ ಒಡೆಯುತ್ತಿದೆ. ಮೇಸ್ತ್ರಿ ನನಗೆ ಬೋಲ್ಟನ್ನು ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೇ ತೋರಿಸಿದರು, ಪುಣ್ಯಕ್ಕೆ ಕಾಡಿಗೆ ಮಾತ್ರ ಇತ್ತು. ಪುಸ್ತಕದಲ್ಲಿ ಗೇರ್ ಆಯಿಲಿನ ದರ್ಜೆ ಜಿಎಲ್-4 ಅಂತ ಇದ್ದರೆ ಅದನ್ನೇ ಹಾಕಿಸಿ. ಅಂಗಡಿಯವನು ಜಿಎಲ್-5 ಇನ್ನೂ ಒಳ್ಳೇದು, ನಂಬರ್ ದೊಡ್ಡದು ಅನ್ನುತ್ತಾನೆ. ಅದರಲ್ಲಿರುವ ರಾಸಾಯನಿಕ ಕೆಲವು ಸಲ ಆ ಹಿತ್ತಾಳೆ ಬಳೆಗೆ ಆಗಿಬರಲ್ಲ.

ಡ್ರೈವಿಂಗ್ ಸ್ಕೂಲಿನವರಿಗೂ ಒಂದು ಮಾತು. ಎಂಟು ಹಾಕಿಸುತ್ತೀರಿ, ರಿವರ್ಸ್ ಮಾಡಿಸುತ್ತೀರಿ, ಸಂತೋಷ. ಆದರೆ "ಕ್ಲಚ್ ಮೇಲೆ ಕಾಲು ಇರಲಿ, ಇರಲಿ" ಅಂತ ಹೇಳಿ ಹೇಳಿ ಅದೇ ಅಭ್ಯಾಸ ಮಾಡಿಸುತ್ತೀರಲ್ಲ, ಆಮೇಲೆ ಇಪ್ಪತ್ತು ವರ್ಷ ಆದರೂ ಆ ಕಾಲು ಅಲ್ಲಿಂದ ಇಳಿಯಲ್ಲ. ನನ್ನ ಕಾಲೂ ಇಳಿದಿರಲಿಲ್ಲ, ನನ್ನ ಪ್ಲೇಟ್ ಸವೆದದ್ದು ಬಹುಪಾಲು ಅದರಿಂದಲೇ ಅಂತ ಮೇಸ್ತ್ರಿ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಎಡಕ್ಕೆ ಕಾಲಿಡುವ ಜಾಗ ಒಂದಿರುತ್ತೆ, ಅಲ್ಲಿ ಇಡಿ ಅಂತ ಒಂದು ದಿನ ಹೇಳಿಕೊಟ್ಟರೆ ಸಾಕು. ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಿಡಿದು ಗಾಡಿ ಎತ್ತುವುದನ್ನು ಇನ್ನೊಂದು ದಿನ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವವರು ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಮಾರುವವರು ನೀವು ಬರುವ ಮುಂಚೆಯೇ ಗಾಡಿ ಕಾಯಿಸಿಟ್ಟಿದ್ದಾರೆ. ತಣ್ಣಗಿದ್ದಾಗಿನ ಸದ್ದು, ತಡವರಿಕೆ ನಿಮಗೆ ಸಿಗಲ್ಲ. ಇನ್ನೊಂದು ದಿನ ಬರ್ತೀನಿ ಅನ್ನಿ. ಜೊತೆಗೆ ಮೂವರನ್ನು ಕರೆದುಕೊಂಡು ಹೋಗಿ, ಎಲ್ಲರನ್ನೂ ಕೂರಿಸಿಕೊಂಡು ಒಂದು ಏರು ಹತ್ತಿಸಿ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ನೆಲ ನೋಡೋದು ಮರೆಯಬೇಡಿ, ಎಣ್ಣೆ ಕಲೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸಂಪಾದಕರೇ, ನಿಮ್ಮಲ್ಲಿ ಕೇಳೋದು ಇಷ್ಟೇ. ವಾಹನ ಪುಟದಲ್ಲಿ ವಾರಕ್ಕೆ ಕಾಲು ಪುಟ ಹಳೇ ಗಾಡಿಗೆ ಕೊಡಿ. ಬರೆಯಲು ತಜ್ಞರೇ ಬೇಕು ಅಂತಿಲ್ಲ, ಒಬ್ಬ ಗ್ಯಾರೇಜ್ ಮೇಸ್ತ್ರಿಯನ್ನು ಕೂರಿಸಿಕೊಂಡು ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡರೂ ಆದೀತು. ಸರ್ವೀಸ್ ಸೆಂಟರಿನವರು ಬಿಲ್ಲಿನಲ್ಲಿ "ಗೇರ್ ಆಯಿಲ್ ಕಳೆದ ಸಲ ಬದಲಿಸಿದ್ದು ಯಾವಾಗ" ಅಂತ ಒಂದು ಸಾಲು ಹಾಕಬೇಕು ಅಂತ ನಿಮ್ಮಂಥವರು ಬರೆದರೆ ಅವರ ಕಿವಿಗೆ ಬೀಳುತ್ತೆ. ನಾನು ಕೌಂಟರಿನಲ್ಲಿ ನಿಂತು ಹೇಳಿದರೆ ಫೋಮ್ ವಾಶ್ ಡಿಸ್ಕೌಂಟ್ ಇದೆ ಸಾರ್ ಅನ್ನುತ್ತಾರೆ.

ಮೊನ್ನೆ ಮತ್ತೆ ಮಣಿಪಾಲಕ್ಕೆ ಹೋಗಿ ಬಂದೆವು. ಸೋಮೇಶ್ವರ ದಾಟಿ ಘಾಟಿ ಶುರುವಾಗುತ್ತಿದ್ದ ಹಾಗೆ ಹಿಂದೆ ಕೂತಿದ್ದ ಅಮ್ಮ ಕಿಟಕಿ ಇಳಿಸಿ ಮೂಸಿ ನೋಡಿದಳು. "ಏನೂ ಇಲ್ಲ, ಹೋಗು" ಅಂದಳು.

ಇಂತಿ,
ನಿಮ್ಮ ಓದುಗ
ಶಿವಮೊಗ್ಗ